ಊರ ಹೆಸರು ಕೂಗುತ್ತಿದ್ದ ಗೆಳೆಯ

ವಿಜಯಪುರದಲ್ಲಿ ಸೈಕಲ್ ಸ್ಪರ್ಧೆ ಎಂದೊಡನೆ ಜನರ ಕಿವಿಯಲ್ಲಿ ಮೊದಲು ಮೊಳಗುವುದು ನನ್ನ ಬಾಲ್ಯದ ಗೆಳೆಯನ ಧ್ವನಿ. ಸೊಲ್ಲಾಪುರ ರಸ್ತೆಯಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ. ಸ್ಪರ್ಧೆಯ ದಿನ ಮಾತ್ರ ಅದಕ್ಕೆ ಬೀಗ. ಅಂದು ಅವನು ಸವಾರರ ಮುಂದೆ ಓಡುವ ತೆರೆದ ಜೀಪಿನಲ್ಲಿ ಹಿಮ್ಮುಖನಾಗಿ ನಿಂತು, ಮೈಕು ಹಿಡಿದು ವೀಕ್ಷಕ ವಿವರಣೆ ನೀಡುತ್ತ ಬರುತ್ತಾನೆ. ಈಗೀಗ ಮೊಬೈಲಿನಲ್ಲಿ ನೇರಪ್ರಸಾರವೂ ಉಂಟು. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವರೂ ಕಿವಿಗೊಟ್ಟು ಕೇಳುತ್ತಾರೆ.

ಅವನದೊಂದು ಪದ್ಧತಿಯಿತ್ತು. ಸವಾರರ ಹೆಸರನ್ನು ಅವನು ಎಂದೂ ಹೇಳುತ್ತಿರಲಿಲ್ಲ. ಅವರ ಊರನ್ನೇ ಕೂಗುತ್ತಿದ್ದ. "ಅರಕೇರಿ ಮುಂದ ಬಂತ ನೋಡ್ರೀ! ತಿಕೋಟಾ ಬೆನ್ನ ಹತ್ತೇತ್ರಿ!" ಏಕೆ ಹೀಗೆಂದು ಒಮ್ಮೆ ಕೇಳಿದ್ದೆ.

"ಹೆಸರ ಹೇಳಿದ್ರ ಅವರಪ್ಪ ಒಬ್ಬನ ಬರ್ತಾನ, ಗುರುಗಳ. ಊರ ಹೇಳಿದ್ರ ಇಡೀ ಊರ ಬರ್ತೈತಿ" ಎಂದಿದ್ದ.

ನಾನು ಸಂಸ್ಕೃತ ಅಧ್ಯಾಪಕನಾಗಿ ನಿವೃತ್ತನಾದವನು. ಸವಾರರ ಸಂಖ್ಯೆಗಳ ಎದುರು ಅವರವರ ಊರನ್ನು ಬರೆದು ಗೆಳೆಯನಿಗೆ ಪಟ್ಟಿ ಸಿದ್ಧಪಡಿಸುವುದು ನನ್ನ ಸೇವೆ. ಸ್ಪರ್ಧೆಯ ಮುಂಜಾನೆ ಶಿವಪೂಜೆ ಮುಗಿಸಿ, ಪಟ್ಟಿಯನ್ನೂ ದೇವರ ಮುಂದಿಟ್ಟು ಕೈಮುಗಿದೇ ಹೊರಡುತ್ತೇನೆ.

ಹೋದ ವರ್ಷ ಅವನು ಹಟ ಹಿಡಿದು, ತಿಕೋಟಾದಿಂದ ನಗರದವರೆಗೆ ಹುಡುಗಿಯರ ಸ್ಪರ್ಧೆಯನ್ನು ಮೊದಲ ಬಾರಿಗೆ ಏರ್ಪಡಿಸಿದ. ಸಮಿತಿಯ ಅಧ್ಯಕ್ಷರಿಗೆ ನಂಬಿಕೆಯಿರಲಿಲ್ಲ. "ಮಂದಿ ಬರಲಿಲ್ಲಂದ್ರ, ಇಲ್ಲಾ ಗದ್ದಲ ಆತಂದ್ರ, ಹುಡುಗ್ಯಾರ ರೇಸ್ ಇದ ಕಡೀದು. ಮುಂದಿನ ವರ್ಷ ಕೇಳಬ್ಯಾಡ" ಎಂದು ಕಟ್ಟಪ್ಪಣೆ ಮಾಡಿದರು. ಗೆಳೆಯನು ಊರೂರು ತಿರುಗಿ ಕೂಗಿಬಂದ.

ಜನ ಬಂದರು. ಬಬಲೇಶ್ವರದವರು ಟೆಂಪೋದಲ್ಲಿ, ಘೋಣಸಗಿಯವರು ಟ್ರ್ಯಾಕ್ಟರಿನಲ್ಲಿ ಬಂದು ಗುರಿಯ ಗೆರೆಯ ಎರಡೂ ಬದಿಗೆ ನಿಂತಿದ್ದರು. ನಾನು ಜೀಪಿನಲ್ಲಿ ಚಾಲಕನ ಪಕ್ಕದಲ್ಲಿ ಪಟ್ಟಿ ಹಿಡಿದು ಕುಳಿತಿದ್ದೆ. ಏಳನೆಯ ಸಂಖ್ಯೆಯ ಹುಡುಗಿ ಎಲ್ಲರನ್ನೂ ಹಿಂದಿಕ್ಕಿ ಬಂದಳು. ಪಟ್ಟಿ ನೋಡಿ "ಬಬಲೇಶ್ವರ" ಎಂದೆ. ಗೆಳೆಯನು ದಾರಿಯುದ್ದಕ್ಕೂ ಅದನ್ನೇ ಮೊಳಗಿಸಿದ. ಅವಳು ಗೆರೆ ದಾಟಿದಾಗ ಬಬಲೇಶ್ವರದವರು ರುಮಾಲು ಹಾರಿಸಿ ಕುಣಿದರು.

ಎದುರು ಬದಿಯಿಂದ ಆರ್ಭಟ ಎದ್ದಿತು. "ಯಪ್ಪಾ, ಮೈಕ್ ಇಳಸ್ರಿ! ಆಕಿ ನಮ್ಮ ಘೋಣಸಗಿ ಮಗಳು!"

"ಹುಟ್ಟಿದ್ದಷ್ಟ ನಿಮ್ಮಲ್ಲಿ! ಅತ್ತಿ ಮನ್ಯಾಗ ಇದ್ದು ಸಾಲಿ ಕಲಿಯಾಕತ್ತಿದ್ದು ನಮ್ಮೂರಾಗ!"

"ನಿಮ್ಮೂರ ಗಾಳಿ ಕುಡದ ಗೆದ್ಲೇನ್ಲೇ?"

ನನಗೆ ಆಗ ತಿಳಿಯಿತು. ಅರ್ಜಿಯಲ್ಲಿದ್ದ ಸೋದರತ್ತೆಯ ಮನೆಯ ವಿಳಾಸವನ್ನೇ ನಾನು ಹುಡುಗಿಯ ಊರೆಂದು ಬರೆದಿದ್ದೆ. ಎರಡೂ ಬದಿಯ ಜನ ಗೆರೆಯ ಮೇಲೆ ಎದುರುಬದುರಾದರು. ಅಧ್ಯಕ್ಷರು ಧಾವಿಸಿ ಬಂದು ಗೆಳೆಯನಿಗೆ, "ಗದ್ದಲ ಚಾಲೂ ಆತ ನೋಡು. ನಾ ಏನ್ ಹೇಳಿದ್ದೆ?" ಎಂದರು.

"ತಪ್ಪು ನನ್ನದು" ಎಂದೆ ನಾನು.

"ತಪ್ಪ ಆಮ್ಯಾಲ ಹಂಚಕೊಳ್ಳೋಣ್ರಿ. ಈಗ ಏನ್ ಕೂಗ್ಲಿ ಹೇಳ್ರಿ?" ಎಂದ ಗೆಳೆಯ.

ಅವನು ಮೈಕು ಹಿಡಿದೇ ಜೀಪಿನಿಂದಿಳಿದು, ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತಿದ್ದ ಹುಡುಗಿಯ ಬಳಿಗೆ ಹೋದ. "ಯವ್ವಾ, ಯಾವೂರ ಅನ್ಲಿ?"

ಅವಳು ಒಂದು ಬದಿಗೆ ನಿಂತ ತಾಯಿಯನ್ನು ನೋಡಿದಳು, ಇನ್ನೊಂದು ಬದಿಗೆ ನಿಂತ ಅತ್ತೆಯನ್ನು ನೋಡಿದಳು. "ಊರ ಬ್ಯಾಡ್ರಿ ಕಾಕಾ. ಸೈಕಲ್ ತುಳದಾಕಿ ನಾನು. ನನ್ನ ಹೆಸರ ಹೇಳ್ರಿ."

ಗೆಳೆಯ ಗಹಗಹಿಸಿ ನಕ್ಕ. ಅವಳ ಬಾಯಿಂದಲೇ ಹೆಸರು ಕೇಳಿಕೊಂಡು, ಮೈಕನ್ನೆತ್ತಿ ಮೂರು ಸಲ ಕೂಗಿದ. ಅಷ್ಟು ವರ್ಷಗಳಲ್ಲಿ ಅವನು ಸವಾರರೊಬ್ಬರ ಹೆಸರು ಕೂಗಿದ್ದು ಅದೇ ಮೊದಲು. ಘೋಣಸಗಿಯವರು ಅದನ್ನು ಎತ್ತಿಕೊಂಡರು. ಅವರಿಗಿಂತ ಜೋರಾಗಿ ಬಬಲೇಶ್ವರದವರು ಕೂಗಿದರು. ಹಟವೇನೋ ಹಾಗೆಯೇ ಇತ್ತು. ಆದರೆ ಎರಡು ಸಾಲಾಗಿ ಕುಳಿತು ಭಜನೆ ಮಾಡುವವರಂತೆ ಎರಡೂ ಊರು ಒಂದೇ ನಾಮವನ್ನು ಸರದಿಯ ಮೇಲೆ ಎತ್ತಿ ಹೇಳುತ್ತಿದ್ದವು. ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು.

ಅಧ್ಯಕ್ಷರು ಕಿವಿ ಮುಚ್ಚಿಕೊಂಡೇ ನಗುತ್ತ, "ಮುಂದಿನ ವರ್ಷ ಹುಡುಗ್ಯಾರ ರೇಸಿಗೆ ಇನ್ನೂ ಎರಡ ಜೀಪ್ ಬೇಕಾಗ್ತಾವಲ್ಲೋ!" ಎಂದರು.

ಅದಕ್ಕೆ ಉತ್ತರಿಸಲು ಗೆಳೆಯನಿಗೆ ಪುರುಸೊತ್ತಿರಲಿಲ್ಲ. ಜನ ಬಿಟ್ಟುಕೊಟ್ಟ ದಾರಿಯಲ್ಲಿ ಎರಡನೆಯವಳು, ಮೂರನೆಯವಳು ಗೆರೆ ದಾಟುತ್ತಿದ್ದರು. ಅವನು ಜೀಪಿನ ಬಳಿಗೆ ಬಂದು ನನ್ನ ಪಟ್ಟಿಯನ್ನು ಕಸಿದು ಹಿಂದೆಮುಂದೆ ತಿರುಗಿಸಿದ.

"ಗುರುಗಳ, ಇದರಾಗ ಒಂದೂ ಹೆಸರ ಇಲ್ಲಲ್ರೀ!"

ನಾನು ಪಟ್ಟಿಯನ್ನು ಮರಳಿ ಪಡೆದು, ಪೆನ್ನು ತೆಗೆದುಕೊಂಡು ಜೀಪಿನಿಂದಿಳಿದೆ. ಬಂದ ಹುಡುಗಿಯರಲ್ಲಿ ಒಬ್ಬೊಬ್ಬಳ ಬಳಿಗೂ ಹೋಗಿ ಹೆಸರು ಕೇಳಿ, ಪಟ್ಟಿಯಲ್ಲಿ ಊರಿನ ಮೇಲೆ ಉಳಿದಿದ್ದ ಕಿರಿದಾದ ಜಾಗದಲ್ಲಿ ಬರೆದುಕೊಳ್ಳತೊಡಗಿದೆ.