ನಾನು ಹೇಳದ ಊರಿಗೆ ಹೋದದ್ದು

ದೆವ್ವ, ಗಾಳಿ, ಶಕುನ ಎಂದರೆ ನಾನು ನಂಬುವವಳಲ್ಲ. ಈಗಲೂ ನಂಬುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಗಟಿಯಲ್ಲಿ ನಮ್ಮ ಬೀದಿಯ ಹೆಂಗಸರು ಹುಣಸೇಮರದ ಕೆಳಗೆ ಏನೋ ಕಂಡಿತು ಎಂದು ಜ್ವರ ಹಿಡಿಸಿಕೊಂಡು ಮಲಗಿದರೆ, ನಾನು ಅದೇ ಮರದ ಕೆಳಗೆ ಹೋಗಿ ಹಣ್ಣು ಆಯ್ದುಕೊಂಡು ಬರುತ್ತಿದ್ದೆ. ಸತ್ತವರಿಗೆ ಬಂದು ಮಾತಾಡಲು ಆಗುವುದಿದ್ದರೆ ನಮ್ಮತ್ತೆ ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ. ಅಂಥ ನನಗೆ ಹಾಡುಹಗಲಿನಲ್ಲಿ, ರೈಲು ಸ್ಟೇಷನ್ನಿನಲ್ಲಿ, ಜನಗಳ ನಡುವೆ ಆದದ್ದನ್ನು ಬರೆಯುತ್ತಿದ್ದೇನೆ. ಅಕ್ಷರ ಬಂದದ್ದು ತಲೆ ನರೆತ ಮೇಲೆ. ಒತ್ತು ದೀರ್ಘ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಸಂಗತಿಯನ್ನು ಮಾತ್ರ ಯಾರೂ ತಿದ್ದಬೇಕಾಗಿಲ್ಲ.

ಈಗಿನ ಮಕ್ಕಳು ರಜಾ ಬಂದರೆ ಎಲ್ಲಿಗೆ ಹೋಗೋಣ ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ರಜಾ ಇದ್ದದ್ದು ಅಮಲ್ದಾರರ ಕಚೇರಿಗೆ. ಎಮ್ಮೆಗೂ ಒಲೆಗೂ ರಜಾ ಇರಲಿಲ್ಲ, ಹಾಗಾಗಿ ಹೆಂಗಸಿಗೂ ಇರಲಿಲ್ಲ. ಆದರೂ ಕೂತು ಯೋಚಿಸಿದರೆ ನಾನು ಸಾಕಷ್ಟು ತಿರುಗಿದ್ದೇನೆ. ಗೌರಿಹಬ್ಬಕ್ಕೆ ಸಖರಾಯಪಟ್ಟಣದ ತವರಿಗೆ ಹೋಗುತ್ತಿದ್ದೆ. ಅಲ್ಲಿಯೂ ರೊಟ್ಟಿ ತಟ್ಟುವುದೇ, ಹೆಂಚು ಮಾತ್ರ ಬೇರೆ. ಬಾಣಂತನಗಳಿಗೆ ಹೋಗಿದ್ದೇನೆ, ಸಾವುಗಳಿಗೆ ಅದಕ್ಕಿಂತ ಹೆಚ್ಚು ಹೋಗಿದ್ದೇನೆ. ಒಮ್ಮೆ ದಸರಾ ನೋಡಲೆಂದು ಮೈಸೂರಿಗೆ ಹೋಗಿ ಜನರ ಬೆನ್ನು ನೋಡಿಕೊಂಡು ಬಂದೆ. ಆನೆಯದು ಒಂದು ಕಿವಿ ಕಂಡಿತು. ತಿರುಪತಿಯಲ್ಲಿ ತಲೆ ಬೋಳಿಸಿಕೊಂಡದ್ದು ನಮ್ಮ ಮನೆಯವರು, ನೆಗಡಿ ಬಂದದ್ದು ನನಗೆ. ಕಲ್ಲತ್ತಿಗಿರಿಯಲ್ಲಿ ಬೀಳುವ ನೀರಿನ ಕೆಳಗೆ ನಿಂತಾಗ ಮಾತ್ರ, ಇದಕ್ಕಾಗಿ ಮನೆ ಬಿಟ್ಟು ಬರಬಹುದು ಅನ್ನಿಸಿತ್ತು. ಹೀಗೆ ಹೋದೆ, ಬಂದೆ, ಬಹಳಷ್ಟು ಮರೆತೆ. ಒಂದು ಪ್ರಯಾಣ ಮಾತ್ರ ಬಿಟ್ಟೇನೆಂದರೂ ಬಿಡುತ್ತಿಲ್ಲ.

ಅದು ತಿಳಿಯಬೇಕಾದರೆ ನಮ್ಮ ಒಂದು ಪದ್ಧತಿ ತಿಳಿದಿರಬೇಕು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಅವನ ಹೆಸರು ಸೇರಿಕೊಂಡಿರುವ ಬೇರೆ ಮಾತನ್ನೂ ಆಡುವುದಿಲ್ಲ. ನಮ್ಮ ಮನೆಯವರ ಹೆಸರು ಅಜ್ಜಪ್ಪ. ಬರೆದರೆ ದೋಷವಿಲ್ಲ ಎಂದುಕೊಂಡಿದ್ದೇನೆ, ಬಾಯಿ ಮುಚ್ಚಿಕೊಂಡೇ ಬರೆಯುತ್ತಿದ್ದೇನೆ. ನನ್ನ ಅಕ್ಕ ಕೆಂಚಮ್ಮನನ್ನು ಕೊಟ್ಟದ್ದು ಅಜ್ಜಂಪುರಕ್ಕೆ. ಮದುವೆಯಾದಾಗಿನಿಂದ ಆ ಊರಿನ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ‘ಅಕ್ಕನ ಊರು’ ಎಂದೇ ಅನ್ನುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಅಕ್ಕನಿಗೆ ಮಕ್ಕಳಿರಲಿಲ್ಲ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಒಂದು ವರ್ಷ ದೀಪಾವಳಿ ಕಳೆದ ಮೇಲೆ ಬಂದು, ಸುಗ್ಗಿ ಮುಗಿಯುವವರೆಗೆ ತನ್ನ ಹತ್ತಿರ ಇರಲಿ ಎಂದು ನನ್ನ ಮಗಳು ಗಿರಿಜೆಯನ್ನು ಕರೆದುಕೊಂಡು ಹೋದಳು. ಮಗಳಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ರಾಗಿ ಕಣಕ್ಕೆ ಬಂದ ಹೊತ್ತಿಗೆ ಆ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನೊಬ್ಬ ನಮ್ಮ ಜಗಲಿಯ ಮೇಲೆ ಕೂತು, “ಅಜ್ಜಂಪುರದಾಗೆ ಇಲಿ ಬೀಳ್ತಾವೆ ಕಣವ್ವ. ಜನ ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕಂಡವ್ರೆ” ಎಂದ. ಇಲಿ ಬೀಳುತ್ತಿವೆ ಎಂದರೆ ಪ್ಲೇಗು ಬಂತು ಎಂದೇ ಆಗ ಅರ್ಥ.

ನಮ್ಮ ಮನೆಯವರು ಕಣದಲ್ಲಿ ಬಿದ್ದು ಕಾಲು ಊದಿಸಿಕೊಂಡು ಕೂತಿದ್ದರು. ನಾನೇ ಹೋಗಿ ಮಗುವನ್ನು ಕರೆತರುತ್ತೇನೆ ಎಂದೆ.

“ಬೀರೂರಲ್ಲಿ ಇಳಿದು ಬೇರೆ ಗಾಡಿ ಹತ್ಬೇಕು ಕಣೇ” ಎಂದರು. “ಯಾವೂರಿಗೆ ಅಂದ್ರೆ ಏನ್ ಹೇಳ್ತೀಯ?”

“ಮೂಗೀರು ರೈಲು ಹತ್ತಾಕಿಲ್ವಾ?”

“ನಿನ್ನಂಥ ಮೂಗೀನ ನಾನ್ ಕಾಣೆ” ಎಂದು ನಕ್ಕರು. ಆಮೇಲೆ ನಗಲಿಲ್ಲ. “ಮಗು ಸಿಕ್ತಿದ್ದಂಗೆ ಬಂದ್ಬಿಡು. ನಿಮ್ಮಕ್ಕ ಊಟ ಮಾಡ್ಕಂಡು ಹೋಗು ಅಂತಾಳೆ, ಕೂತ್ಕಬ್ಯಾಡ” ಎಂದರು.

ಮೈದುನ ಗಾಡಿ ಕಟ್ಟಿಕೊಂಡು ಕಡೂರಿಗೆ ಬಂದು, ಅಜ್ಜಂಪುರಕ್ಕೆ ಟಿಕೀಟು ತಂದುಕೊಟ್ಟು, ನನ್ನನ್ನು ರೈಲಿಗೆ ಹತ್ತಿಸಿ ಹೋದ. ಎತ್ತು ಬಿಟ್ಟು ಅವನು ಬರುವಂತಿರಲಿಲ್ಲ. ಟಿಕೀಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಬೀರೂರಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಎರಡು ರೈಲು ನಿಂತಿದ್ದವು. ಒಂದು ಅಜ್ಜಂಪುರ, ಶಿವನಿಯ ಮೇಲೆ ಹೋಗುವುದು, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವುದು. ಯಾವುದು ಯಾವುದೆಂದು ಹಲಗೆ ಓದಲು ನನಗೆ ಬರುತ್ತಿರಲಿಲ್ಲ. ಒಬ್ಬ ಪೋರ್ಟರನ್ನು ಹಿಡಿದುಕೊಂಡೆ.

“ಯಾವೂರಿಗಮ್ಮ?” ಎಂದ.

“ಸಿವನಿಗಿಂತ ಮುಂಚೆ ಬತ್ತದಲ್ಲ, ಅದು ಕಣಪ್ಪ.”

“ಅದಕ್ಕೆ ಹೆಸ್ರಿಲ್ವಾ?”

“ಐತೆ. ಅದ್ರಾಗೆ ನಮ್ಮನೆಯವ್ರ ಹೆಸ್ರು ಸೇರ್ಕಂಡೈತೆ.”

ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. “ನಿಮ್ ಯಜಮಾನ್ರ ಹೆಸ್ರು ಬೀರಪ್ಪನಾ? ಹಂಗಾದ್ರೆ ಊರು ಬಂದ್ಬಿಟ್ಟೈತೆ, ಮನೆಗೋಗು” ಎಂದ. ಕಿಟಕಿಗಳಲ್ಲಿ ಕೂತಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. “ತಮಾಸೆ ಬ್ಯಾಡ ಕಣಪ್ಪ, ಪಿಲೇಗು ಬಂದೈತೆ, ಅಲ್ಲಿ ನನ್ ಮಗಳವ್ಳೆ” ಎಂದೆ. ಟಿಕೀಟು ತೋರಿಸೋಣವೆಂದು ಸೆರಗಿನ ಗಂಟು ಬಿಚ್ಚಲು ತಲೆ ತಗ್ಗಿಸಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ. ಅಷ್ಟರಲ್ಲಿ ಅವನು, “ಇದ್ನ ಮೊದ್ಲೇ ಹೇಳಾಕೇನಾಗಿತ್ತು? ಹತ್ತು ಹತ್ತು, ಹೊರಡ್ತು” ಎಂದು ತೋಳು ಹಿಡಿದು ಎದುರಿಗಿದ್ದ ರೈಲಿಗೆ ಹತ್ತಿಸಿದ. ಪಿಲೇಗು ಎಂದದ್ದರಿಂದ ಊರು ಊಹಿಸಿದ ಎಂದುಕೊಂಡೆ. ರೈಲು ಹೊರಟಿತು.

ಎದುರಿಗೆ ಕೂತಿದ್ದ ಹೆಂಗಸು ಎಲೆಅಡಿಕೆ ಮಡಿಸುತ್ತ, “ತರೀಕೆರೇಲಿ ಯಾರವ್ರೆ?” ಎಂದಳು.

“ತರೀಕೆರೇಲಿ ನನಗ್ಯಾರವ್ರೆ? ನಾನು ಹೋಗ್ತಿರದು ನಮ್ಮಕ್ಕನ ಊರಿಗೆ.”

“ಇದು ತರೀಕೆರೆ ಗಾಡಿ ಕಣೇ!”

ನಾನು ಎದ್ದು ಬಾಗಿಲಿಗೆ ಓಡಿದೆ. ಆ ಹೆಂಗಸು ಹಿಂದಿನಿಂದ ಸೀರೆ ಹಿಡಿದು ಎಳೆದು ಕೂರಿಸಿದಳು. “ಹಾರ್ಬಿಡ್ತೀಯೇನೇ? ಕೂತ್ಕ. ನೀನೇ ಅಲ್ವಾ ಹೇಳಿದ್ದು?” ಎಂದಳು.

“ನಾನೇನ್ ಹೇಳ್ದೆ?”

“‘ತರೀಕೆರೆಗೆ ಕಣ್ ತಮ್ಮ, ಬಿರ್ನೆ ಹತ್ಸು’ ಅಂದೆ. ಕಿಟಕೀಲಿ ಕೇಳಿಸ್ಕಂಡೆ. ಅಷ್ಟು ಗಟ್ಟಿಯಾಗಿ ಹೇಳಿ ಈಗ ನಾನಲ್ಲ ಅಂತೀಯಲ್ಲ.”

ನಾನು ಹೇಳಿರಲಿಲ್ಲ. ನನ್ನ ಬಾಯಲ್ಲಿ ಸೆರಗಿನ ಗಂಟು ಇತ್ತು. ಅವಳ ಜೊತೆ ಜಗಳವಾಡಿದೆ, ಅವಳೂ ಬಿಡಲಿಲ್ಲ, ಪಕ್ಕದಲ್ಲಿದ್ದ ಮುದುಕನನ್ನು ಸಾಕ್ಷಿಗೆ ಕರೆದಳು. ಅವನೂ ಹೌದೆಂದ. ಆಮೇಲೆ ಜಗಳ ಬೇಡವಾಯಿತು. ತರೀಕೆರೆಯಲ್ಲಿ ಇಳಿದು ತಿರುಗಿ ಬೀರೂರಿಗೆ ಬರುವ ಹೊತ್ತಿಗೆ ಕತ್ತಲಾಗುತ್ತದೆ, ಅಲ್ಲಿ ಮಗು ಇಲಿ ಬೀಳುವ ಮನೆಯಲ್ಲಿ ಇನ್ನೊಂದು ರಾತ್ರಿ ಮಲಗುತ್ತದೆ. ಅದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆ ಹೆಂಗಸು ಎಲೆಅಡಿಕೆ ಕೊಟ್ಟಳು, ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ತರೀಕೆರೆಯಲ್ಲಿ ಸ್ಟೇಷನ್ ಮಾಸ್ತರು ಟಿಕೀಟು ನೋಡಿ ಬೈದರು. “ಓದಾಕೆ ಬರದಿದ್ರೆ ಬಾಯಲ್ಲಿ ಕೇಳ್ಬೇಕಮ್ಮ” ಎಂದರು. ಬೈದು ಮುಗಿಸಿ, ತಿರುಗಿ ಹೋಗುವ ಗಾಡಿ ಬರುವವರೆಗೆ ಹೊರಗೆ ಮರದ ಕೆಳಗೆ ಕೂತಿರು ಎಂದು ಕೈ ತೋರಿಸಿದರು. ಮರದ ಕೆಳಗೆ ಒಂದು ಎತ್ತಿನ ಗಾಡಿ ಬಿಟ್ಟಿತ್ತು. ಎತ್ತುಗಳ ಪಕ್ಕದಲ್ಲಿ ಅಕ್ಕನ ಮನೆಯ ಗಾಡಿ ಹೊಡೆಯುವ ಸಿದ್ದಣ್ಣ ಕುಕ್ಕರಗಾಲಿನಲ್ಲಿ ಕೂತಿದ್ದ. ಗಾಡಿಯೊಳಗೆ ಹುಲ್ಲಿನ ಮೇಲೆ ಗಿರಿಜೆ ಪುರಿ ತಿನ್ನುತ್ತಿದ್ದಳು. ನನ್ನನ್ನು ನೋಡಿ, “ಅವ್ವ, ನನ್ ಹಲ್ಲು ಬಿತ್ತು” ಎಂದಳು.

ಸಿದ್ದಣ್ಣನಿಗೆ ನನ್ನನ್ನು ನೋಡಿ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಸಿಟ್ಟು ಬಂದಿತ್ತು. “ಏನವ್ವ, ಇಷ್ಟೊತ್ತು ಮಾಡಿದ್ರಿ? ಕಾದೂ ಕಾದೂ ಎತ್ತಿನ ಹುಲ್ಲೆಲ್ಲ ಮುಗೀತು” ಎಂದ.

“ನಾನು ಇಲ್ಲಿಗೆ ಬತ್ತೀನಿ ಅಂತ ನಿನಗ್ಯಾರು ಹೇಳಿದ್ರು?”

“ಇನ್ಯಾರು, ನಿಮ್ಮಕ್ಕ. ರಾತ್ರಿಯಿಂದ ಅವ್ರಿಗೆ ಜ್ವರ ಕಣವ್ವ, ಕಂಕುಳಾಗೆ ಗೆಡ್ಡೆ ಬಂದೈತೆ. ನಮ್ಮೂರ ಸ್ಟೇಸನ್ನಾಗೆ ಹೊರಟೋರ್ನೆಲ್ಲ ಹಿಡಿದು ಕೂರಿಸ್ತಾವ್ರೆ. ಅದಕ್ಕೆ, ‘ಹೊಲದ ದಾರೀಲಿ ಮಗೀನ ತರೀಕೆರೆಗೆ ಹೊಡ್ಕಂಡೋಗು, ತಂಗಿ ರೈಲಲ್ಲಿ ಬತ್ತಾಳೆ, ಅವಳ ಕೈಗೆ ಕೊಟ್ಟು ಬಾ, ನಾನು ಹೇಳಿವ್ನಿ’ ಅಂದ್ರು.”

“ಯಾರ ಕೈಲಿ ಹೇಳಿ ಕಳಿಸಿದ್ಲು?”

“ನನಗೇನು ಗೊತ್ತು? ನೀವು ಬಂದಿದ್ದೀರಲ್ಲ. ಯಾರೋ ಹೇಳಿರ್ಬೇಕು.”

ನನಗೆ ಯಾರೂ ಹೇಳಿರಲಿಲ್ಲ. ಅಕ್ಕನ ಹತ್ತಿರ ಹೋಗುತ್ತೇನೆ, ಗಾಡಿಯಲ್ಲಿ ಕರೆದುಕೊಂಡು ಹೋಗು ಎಂದೆ. ಅವನು ಒಪ್ಪಲಿಲ್ಲ. “ಬಂದ್ರೂ ಕರ್ಕಂಬರ್ಬ್ಯಾಡ ಅಂದವ್ರೆ” ಎಂದು ಎತ್ತು ಕಟ್ಟಿಕೊಂಡು ಹೊರಟುಬಿಟ್ಟ. ಮಗುವನ್ನು ಅಲ್ಲಿ ಬಿಡುವಂತಿರಲಿಲ್ಲ, ಜೊತೆಗೆ ಕರೆದುಕೊಂಡು ಹೋಗುವಂತೆಯೂ ಇರಲಿಲ್ಲ. ತಿರುಗಿ ಬಂದೆ.

ಬೀರೂರಿನಲ್ಲಿ ಅದೇ ಪೋರ್ಟರು ಸಿಕ್ಕಿದ. ನಾನು ಕೇಳಿಯೇ ಕೇಳಿದೆ. “ನಿನ್ ಬಾಯಿಂದ್ಲೇ ಬಂತಮ್ಮ” ಎಂದ. “ತಮ್ಮ ಅಂತ ಬೇರೆ ಕರೆದೆ. ಅಲ್ಲೀವರೆಗೆ ಅಪ್ಪ ಅಪ್ಪ ಅಂತಿದ್ದೋಳು, ತಮ್ಮ ಅಂದ್ಲಲ್ಲ ಅಂತ ನಂಗೂ ಕೋಪ ಇಳೀತು.” ಅಕ್ಕ ಗಂಡಸರನ್ನೆಲ್ಲ ತಮ್ಮ ಎಂದೇ ಕರೆಯುತ್ತಿದ್ದಳು. ಆದರೆ ನಮ್ಮ ಸೀಮೆಯಲ್ಲಿ ಅರ್ಧಕ್ಕರ್ಧ ಹೆಂಗಸರು ಹಾಗೆ ಕರೆಯುತ್ತಾರೆ, ಅದನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ.

ಅಕ್ಕ ಹೋದ ಸುದ್ದಿ ವಾರದೊಳಗೆ ಬಂತು. ನಾನು ಬೀರೂರಿನಲ್ಲಿ ನಿಂತಿದ್ದ ಹೊತ್ತಿಗೇ ಪ್ರಾಣ ಹೋಗಿರಬೇಕು ಎಂದು ಯಗಟಿಯ ಹೆಂಗಸರು ಕಥೆ ಕಟ್ಟಿದರು. ಹಾಗೇನೂ ಇಲ್ಲ. ಸಿದ್ದಣ್ಣ ತಿರುಗಿ ಹೋಗಿ ಮಗು ಸೇರಿತು ಎಂದು ಹೇಳಿದಾಗ ಅವಳು ಬದುಕಿದ್ದಳು, ತಲೆ ಆಡಿಸಿದಳಂತೆ. ಅದಾದ ಮಾರನೆಯ ದಿನ ಹೋದದ್ದು. ಪ್ಲೇಗು ಇಳಿದ ಮೇಲೆ ಅಜ್ಜಂಪುರಕ್ಕೆ ಹೋಗಿ ಪಕ್ಕದ ಮನೆಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಯಗಟಿಗೆ ಯಾರನ್ನೂ ಕಳಿಸಿರಲಿಲ್ಲ. ಕಳಿಸಲು ಊರಲ್ಲಿ ಯಾರೂ ಇರಲೂ ಇಲ್ಲ. ಸಿದ್ದಣ್ಣನನ್ನೇ ಇನ್ನೊಮ್ಮೆ ಕೇಳೋಣವೆಂದರೆ ಅವನೂ ಅದೇ ಜಡ್ಡಿನಲ್ಲಿ ಹೋಗಿದ್ದ.

ನಮ್ಮ ಮನೆಯವರು ಕೊನೆಯವರೆಗೂ ಒಂದೇ ಮಾತು ಹೇಳುತ್ತಿದ್ದರು. “ನನ್ ಹೆಸ್ರು ಹೇಳಾಕೆ ನಾಚ್ಕಂಡು ಬಾಯಿಗೆ ಬಂದ ಊರು ಹೇಳಿದ್ದೀಯ. ಅದೃಷ್ಟ, ಮಗು ಅಲ್ಲೇ ಇತ್ತು.” ಇರಬಹುದು. ಅದು ಬಿಟ್ಟರೆ ಬೇರೆ ವಿವರಣೆ ಯಾರೂ ಕೊಟ್ಟಿಲ್ಲ, ನನ್ನ ಹತ್ತಿರವೂ ಇಲ್ಲ. ಆದರೆ ನಾನು ಆಡಿದ ಮಾತು ನನ್ನ ಕಿವಿಗೆ ಬೀಳದಿದ್ದದ್ದು ಅದಕ್ಕೆ ಮೊದಲು ಇಲ್ಲ, ಅದಾದ ಮೇಲೂ ಇಲ್ಲ. ಗಿರಿಜೆಗೆ ಈಗ ಮೊಮ್ಮಕ್ಕಳಿದ್ದಾರೆ. ಕೇಳಿದರೆ, ಗಾಡಿಯಲ್ಲಿ ಕೂತದ್ದೇ ನೆನಪಿಲ್ಲ ಎನ್ನುತ್ತಾಳೆ.

ನನಗೆ ಗೊತ್ತಿರುವುದು ಇಷ್ಟು. ಅಕ್ಕ ಸುಳ್ಳು ಹೇಳುವವಳಲ್ಲ. ತಂಗಿಗೆ ಹೇಳಿದ್ದೇನೆ ಎಂದಿದ್ದರೆ ಹೇಳಿಯೇ ಇರುತ್ತಾಳೆ. ನನಗಂತೂ ಕೇಳಿಸಲಿಲ್ಲ. ಕೇಳಿಸದೆಯೇ ಹೋದೆ.