ಅಪ್ಪ ಬಾಡಿ ಕಟ್ಟಿಸಿದ ಕಂಪ್ಯೂಟರು

ಅಪ್ಪ ಮೂವತ್ತು ವರ್ಷಕ್ಕೂ ಮಿಕ್ಕಿ ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಖಾಸಗಿ ಬಸ್ಸು ಓಡಿಸಿದವರು. ತಲೆಸುತ್ತು ಶುರುವಾದ ಮೇಲೆ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಬಾರದು ಎಂದುಬಿಟ್ಟರು. ಅಪ್ಪ ಬಸ್ಸಿನ ಕೀಲಿಯನ್ನು ಧಣಿಗಳಿಗೆ ಒಪ್ಪಿಸಿ ಬಂದು, ಬೆಳುವಾಯಿಯ ನಮ್ಮ ಮನೆಯ ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಎರಡು ವರ್ಷ ಕೂತೇ ಇದ್ದರು. ಎದುರಿನ ತಿರುವಿನಲ್ಲಿ ಯಾವುದಾದರೂ ಬಸ್ಸು ರಭಸದಿಂದ ಬಂದರೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬ್ರೇಕು. ಬಸ್ಸು ದಾಟಿದ ಮೇಲೆ ಕಾಲು ಮೆಲ್ಲಗೆ ಮೇಲೇಳುತ್ತಿತ್ತು. ಅದನ್ನು ನೋಡುವಾಗೆಲ್ಲ ನನಗೆ ಸಂಕಟವಾಗುತ್ತಿತ್ತು, ಸಂಕಟವಾದಾಗ ಸಿಟ್ಟು ಬರುವುದು ನನ್ನ ಸ್ವಭಾವ. ಹಾಗಾಗಿ ಆ ಎರಡು ವರ್ಷ ನಾನು ಅಪ್ಪನಿಗೆ ಬಯ್ದದ್ದೇ ಹೆಚ್ಚು.

ಬೆಳ್ತಂಗಡಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋದಾಗ ಅಪ್ಪ ಕಾಣೆಯಾದರು. ಎರಡನೇ ಪಂಕ್ತಿಯ ಊಟವೂ ಮುಗಿಯುತ್ತಾ ಬಂದಿತ್ತು. ಹುಡುಕಿಕೊಂಡು ಮಾಳಿಗೆಗೆ ಹೋದರೆ, ಆ ಮನೆಯ ಯಜಮಾನ ಗೇಮಿಂಗ್ ಕಂಪ್ಯೂಟರಿನ ಮುಂದೆ ಕೂತು ಬಸ್ಸು ಓಡಿಸುವ ಆಟ ಆಡುತ್ತಿದ್ದ, ಅಪ್ಪ ಅವನ ಕುರ್ಚಿಯ ಹಿಂದೆ ನಿಂತು ಗೇರು ಬದಲಿಸಲು ಹೇಳುತ್ತಿದ್ದರು. ಮೇಜಿಗೆ ನಿಜವಾದ ಸ್ಟಿಯರಿಂಗ್ ಬಿಗಿದಿತ್ತು, ಕೆಳಗೆ ಪೆಡಲ್‌ಗಳಿದ್ದವು. ಇದರಲ್ಲಿ ತಲೆ ಸುತ್ತಿದರೂ ಯಾರೂ ಸಾಯುವುದಿಲ್ಲವಲ್ಲ ಎಂದು ಅಪ್ಪ ಮನೆಗೆ ಬರುವ ದಾರಿಯಲ್ಲಿ ಹೇಳಿದರು. ಅವರು ಬೇಕು ಅಂತ ಬಾಯಿಬಿಟ್ಟು ಕೇಳಲಿಲ್ಲ. ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಮೊದಲು ನನ್ನ ಲ್ಯಾಪ್‌ಟಾಪಿಗೆ ಆ ಆಟ ಹಾಕಿ ನೋಡಿದೆವು. ಪರೀಕ್ಷೆಯ ಅಂಕಪಟ್ಟಿ ಮಾಡಿ ಅಭ್ಯಾಸವಿದ್ದ ಆ ಲ್ಯಾಪ್‌ಟಾಪು ಬಸ್ಸನ್ನು ಕಂಡು ಬೆವರಿತು. ಬಸ್ಸು ಒಂದು ಕಡೆ ಮಾಯವಾಗಿ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಿತ್ತು, ನಡುವೆ ಎಲ್ಲಿತ್ತೋ ದೇವರಿಗೇ ಗೊತ್ತು. ಅಪ್ಪ ಅದರ ಬೆನ್ನಿಗೆ ಅಂಗೈ ಇಟ್ಟು ಬಿಸಿ ನೋಡಿ, ಎಂಜಿನ್ ಸಾಲದು, ಘಾಟಿ ಹತ್ತುವುದಿಲ್ಲ ಎಂದರು. ಹಾಗೆ ದೊಡ್ಡ ಕಂಪ್ಯೂಟರಿನ ಮಾತು ಬಂತು, ಅದರ ಹಿಂದೆಯೇ ಜಗಳವೂ ಬಂತು.

ಜಗಳದ ಇನ್ನೊಂದು ಕಡೆಯಲ್ಲಿ ಇದ್ದವರು ಮಸ್ಕತ್ತಿನಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ. ಅವರು ರೆಡಿಮೇಡ್ ಪಕ್ಷ. ಕಂಪೆನಿಯೇ ಜೋಡಿಸಿ ಕಳಿಸುತ್ತದೆ, ಪ್ಲಗ್ ಹಾಕಿದರೆ ಮುಗಿಯಿತು, ಕೆಟ್ಟರೆ ಅವರೇ ಬಂದು ನೋಡುತ್ತಾರೆ ಎಂದು ಉದ್ದುದ್ದ ವಾಯ್ಸ್ ಮೆಸೇಜು ಕಳಿಸಿದರು. ನಾನು ಒಳಗೊಳಗೇ ಭಾವನ ಪಕ್ಷ. ರೆಡಿಮೇಡ್ ಹಾಳಾದರೆ ಬಯ್ಯಲು ಒಂದು ಕಂಪೆನಿಯಾದರೂ ಇರುತ್ತದೆ. ನಾವೇ ಬಿಡಿಭಾಗ ತಂದು ಜೋಡಿಸಿ, ಅದು ಓಡದೆ, ಸತ್ತ ಡಬ್ಬದ ಮುಂದೆ ಅಪ್ಪ ಸ್ಟಿಯರಿಂಗ್ ಹಿಡಿದು ಕೂತರೆ? ಒಂದು ಸಲ ಸ್ಟಿಯರಿಂಗ್ ಕಳಕೊಂಡವರು ಇನ್ನೊಂದು ಸಲ ಕಳಕೊಳ್ಳುವುದನ್ನು ನಾನು ನೋಡಲಾರದವಳಾಗಿದ್ದೆ.

ಅಪ್ಪನಿಗೆ ಮಾತ್ರ ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಅವರ ಕಾಲದಲ್ಲಿ ಬಸ್ಸನ್ನು ಯಾರೂ ಇಡಿಯಾಗಿ ಕೊಳ್ಳುತ್ತಿರಲಿಲ್ಲ. ಕಾರ್ಖಾನೆಯಿಂದ ಬರೀ ಚಾಸಿ ಬರುತ್ತಿತ್ತು, ಅಂದರೆ ನಾಲ್ಕು ಚಕ್ರ, ಎಂಜಿನು, ಸ್ಟಿಯರಿಂಗ್, ಅಷ್ಟೇ. ಊರಿನ ಗ್ಯಾರೇಜಿನಲ್ಲಿ ಅದಕ್ಕೆ ಬಾಡಿ ಕಟ್ಟಿಸಬೇಕು. ಅಪ್ಪ ಪ್ರಾಯದಲ್ಲಿ ಅಂಥ ಒಂದು ಬೋಳು ಚಾಸಿಯನ್ನು, ಮುಂದೆ ಗಾಜಿಲ್ಲದೆ, ಮರದ ಪೆಟ್ಟಿಗೆಯ ಮೇಲೆ ಕೂತು, ತಲೆಗೆ ಬೈರಾಸು ಸುತ್ತಿಕೊಂಡು ಐದು ದಿನ ಓಡಿಸಿಕೊಂಡು ಊರಿಗೆ ತಂದವರು. ಬಾಡಿ ಕಟ್ಟಿ ಮುಗಿಯುವವರೆಗೆ ಗ್ಯಾರೇಜಿನಲ್ಲೇ ಮಲಗಿದವರು. ಈ ಕತೆಯನ್ನು ನಾವು ಎಷ್ಟು ಸಲ ಕೇಳಿದ್ದೆವೆಂದರೆ, ಕಣ್ಣಿಗೆ ಹುಳ ಬಿದ್ದದ್ದು ಯಾವ ಊರಿನಲ್ಲಿ ಎಂದು ಅಮ್ಮ ಅಡುಗೆಮನೆಯಿಂದಲೇ ತಿದ್ದುತ್ತಿದ್ದರು.

"ರೆಡಿಮೇಡ್ ಅಂಗಿ ತೆಗೊಳ್ಳಬಹುದು," ಎಂದರು ಅಪ್ಪ. "ರೆಡಿಮೇಡ್ ಬಸ್ಸು ಎಂತದಕ್ಕೆ? ಚಾಸಿ ತರುವ, ಬಾಡಿ ಕಟ್ಟಿಸುವ."

ನಾನು ಗ್ರಾಫ್ ಹಾಳೆಯ ಹಿಂಬದಿಯಲ್ಲಿ ಎರಡು ಪಕ್ಷದ ಲಾಭನಷ್ಟಗಳ ಕೋಷ್ಟಕ ಬರೆದು ಜಗಲಿಯಲ್ಲಿ ವಿವರಿಸಿದೆ. ಒಂಬತ್ತನೇ ತರಗತಿಯ ಮಕ್ಕಳು ಇದಕ್ಕಿಂತ ಗಮನ ಕೊಡುತ್ತಾರೆ. ಅಪ್ಪ ಕೋಷ್ಟಕವನ್ನು ಬದಿಗಿಟ್ಟು ಭಾವನ ಮೆಸೇಜುಗಳನ್ನು ತಮ್ಮ ಭಾಷೆಗೆ ಇಳಿಸಿಕೊಂಡರು. ಪ್ರೊಸೆಸರ್ ಎಂದರೆ ಎಂಜಿನು. ಗ್ರಾಫಿಕ್ಸ್ ಕಾರ್ಡ್ ಎಂದರೆ ಮುಂದಿನ ಗಾಜು, ಅದು ಚೆನ್ನಾಗಿಲ್ಲದಿದ್ದರೆ ರಸ್ತೆ ಕಾಣುವುದಿಲ್ಲ. ಪವರ್ ಸಪ್ಲೈ ಎಂದರೆ ಡೀಸೆಲ್ ಟ್ಯಾಂಕಿ. ರ‍್ಯಾಮ್ ಎಂದರೆ ಸೀಟು. ಹದಿನಾರು ಜಿಬಿ ರ‍್ಯಾಮ್ ಧಾರಾಳ ಎಂದು ಭಾವ ಹೇಳಿದರೆ, ಹದಿನಾರು ಸೀಟಿನ ಬಸ್ಸು ಮದುವೆ ದಿಬ್ಬಣಕ್ಕೂ ಸಾಲದು ಎಂದು ಅಪ್ಪ ಮಸ್ಕತ್ತಿಗೆ ಉತ್ತರ ಕಳಿಸಿದರು. ಭಾವ ಮಾರನೆಯ ದಿನ ಮೂವತ್ತೆರಡಕ್ಕೆ ಒಪ್ಪಿಕೊಂಡರು. ವಿಚಿತ್ರವೆಂದರೆ ಅಪ್ಪನ ಲೆಕ್ಕಾಚಾರ ಎಲ್ಲಿಯೂ ತಪ್ಪಲಿಲ್ಲ.

ಬಂಟ್ವಾಳದ ಬಿ.ಸಿ.ರೋಡಿನ ಒಂದು ಅಂಗಡಿಗೆ ಹೋದೆವು. ಒಳಗಿನ ಸಾಮಾನುಗಳನ್ನು ಅಪ್ಪ ಅರ್ಧ ಗಂಟೆಯಲ್ಲಿ ಮುಗಿಸಿದರು. ಹೊತ್ತು ಹೋದದ್ದು ಹೊರಗಿನ ಕ್ಯಾಬಿನೆಟ್ಟಿಗೆ. ಅಂಗಡಿಯವರು ಒಂದು ಬದಿಗೆ ಗಾಜು, ಒಳಗೆ ಬಣ್ಣಬಣ್ಣದ ಲೈಟು ಇರುವಂಥವನ್ನು ಸಾಲಾಗಿ ಇಟ್ಟರು. ಇವೆಲ್ಲ ಟೂರಿಸ್ಟ್ ಬಸ್ಸುಗಳು, ದಿನಾ ಓಡುವ ಲೈನಿಗೆ ಆಗುವುದಿಲ್ಲ ಎಂದರು ಅಪ್ಪ. ಆಮೇಲೆ ಒಂದೊಂದನ್ನೂ ಅಂಗೈಯಿಂದ ತಟ್ಟುತ್ತಾ, ಕಿವಿ ಕೊಟ್ಟು ಕೇಳುತ್ತಾ ಅಂಗಡಿಯ ಉದ್ದಕ್ಕೂ ನಡೆದರು. ಗಿರಾಕಿಗಳು ತಮ್ಮ ಕೆಲಸ ಬಿಟ್ಟು ನೋಡತೊಡಗಿದರು. ಕೊನೆಗೆ ಅಟ್ಟದ ಮೇಲಿನಿಂದ, ಧೂಳು ಹಿಡಿದ, ಎರಡೂ ಬದಿಗೆ ತಗಡಿರುವ ಒಂದು ಹಳೇ ಸ್ಟಾಕನ್ನು ಇಳಿಸಿದರು. ಅಪ್ಪ ತಟ್ಟಿದರು. ಡಬ್ ಡಬ್.

"ಅಂಕಲ್, ಇದನ್ನು ಈಗ ಯಾರೂ ತೆಗೊಳ್ಳುವುದಿಲ್ಲ," ಎಂದರು ಅಂಗಡಿಯವರು. "ಒಳಗೆ ಎಂತ ಉಂಟು ಅಂತ ಕಾಣುವುದೇ ಇಲ್ಲ."

"ಕಾಣುವುದು ಬೇಡ. ಇದರಲ್ಲಿ ಶಬ್ದ ಉಂಟು," ಎಂದರು ಅಪ್ಪ.

ಅಂಗಡಿಯವರು ನನ್ನ ಮುಖ ನೋಡಿದರು. ನಾನು ತಲೆಯ ಮೇಲಿನ ಫ್ಯಾನು ನೋಡಿದೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಾಡಿ ಕಟ್ಟುವ ಕೆಲಸ ಶುರುವಾಯಿತು. ನನ್ನ ಕೈಯಲ್ಲಿ ಸ್ಕ್ರೂಡ್ರೈವರು, ಅಪ್ಪನ ಕೈಯಲ್ಲಿ ಟಾರ್ಚು, ಮೊಬೈಲಿನಲ್ಲಿ ವಿಡಿಯೊ. ಪ್ರೊಸೆಸರಿನ ತಲೆಗೆ ಬಿಸಿ ಇಳಿಸುವ ಲೇಪ ಹಚ್ಚುತ್ತಿದ್ದಾಗ ಅಮ್ಮ ಬಂದು ಇದು ಎಂತ ಎಂದು ಕೇಳಿದರು. ತಂಪಿಗೆ ಎಂದೆ. ತಂಪಿಗೆ ಗಂಧ ತೇದು ಕೊಡುತ್ತೇನೆ, ಪೇಟೆಯ ಔಷಧ ಯಾಕೆ ಎಂದರು. ಬೇಡವೆಂದು ಅವರನ್ನು ಒಪ್ಪಿಸುವಷ್ಟರಲ್ಲಿ ಒಂದು ಸ್ಕ್ರೂ ಬೋರ್ಡಿನೊಳಗೆ ಬಿದ್ದು ಅಡಗಿಕೊಂಡಿತು. ಮೂವರೂ ಸೇರಿ ಇಡೀ ಬಸ್ಸನ್ನು ತಲೆಕೆಳಗು ಮಾಡಿ, ಖಾಲಿ ಗೋಣಿ ಕೊಡವುವ ಹಾಗೆ ಕೊಡವಿ ಅದನ್ನು ಬೀಳಿಸಿದೆವು. ವಿಡಿಯೊದವನು ಹಾಗೆ ಎಲ್ಲಿಯೂ ಮಾಡಿರಲಿಲ್ಲ.

ಎಲ್ಲ ಬಿಗಿದು ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಅಪ್ಪ ಬಾಗಿ ಕಿವಿಯಿಟ್ಟು, ಸೆಲ್ಫ್ ತೆಗೆದುಕೊಳ್ಳುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ, ಒತ್ತಿ ಕೂರಿಸಿದ್ದನ್ನೆಲ್ಲ ಇನ್ನೊಮ್ಮೆ ಒತ್ತಿ ನೋಡು ಎಂದರು. ಒತ್ತಿದೆ. ರ‍್ಯಾಮಿನ ಒಂದು ಪಟ್ಟಿ ಟಕ್ಕೆಂದು ಒಳಗೆ ಇಳಿಯಿತು. ಪರದೆ ಬೆಳಗಿತು.

ಆದರೆ ಪೂಜೆಯಾಗದೆ ಬಸ್ಸು ಹೊರಡುವಂತಿಲ್ಲ. ಕ್ಯಾಬಿನೆಟ್ಟಿಗೆ ಸೇವಂತಿಗೆ ಮಾಲೆ ಬಿತ್ತು. ಹೊಸ ಬಸ್ಸಿನ ಚಕ್ರಗಳಡಿ ಲಿಂಬೆಹಣ್ಣು ಇಟ್ಟು ಹತ್ತಿಸುವಂತೆ ಇದಕ್ಕೂ ಹತ್ತಿಸಬೇಕಾಯಿತು. ಇದಕ್ಕೆ ಚಕ್ರವಿಲ್ಲ, ನಾಲ್ಕು ರಬ್ಬರಿನ ಕಾಲುಗಳಿವೆ. ಅಪ್ಪ ನಾಲ್ಕು ಲಿಂಬೆಹಣ್ಣು ಜೋಡಿಸಿದರು, ನಾನು ಹನ್ನೆರಡು ಕಿಲೋದ ಕಂಪ್ಯೂಟರನ್ನು ಎತ್ತಿ ಅವುಗಳ ಮೇಲೆ ಕುಕ್ಕಿದೆ. ಮೂರು ಒಡೆದವು, ನಾಲ್ಕನೆಯದು ಜಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಅದಕ್ಕೂ ನ್ಯಾಯ ಸಿಗುವವರೆಗೆ ನಾನು ಎತ್ತಿಕೊಂಡೇ ನಿಂತೆ. ಎಂ.ಎಸ್ಸಿ. ಮಾಡಿದ್ದು ಇದಕ್ಕೆ ಎಂದುಕೊಂಡೆ.

ಸ್ಟಿಯರಿಂಗನ್ನು ಮೇಜಿಗೆ ಬಿಗಿದು, ಪೆಡಲ್ ಜೋಡಿಸಿ ಆಟ ಹಾಕಿದೆ. ಅಪ್ಪ ಒಳಗೆ ಹೋಗಿ ಖಾಕಿ ಅಂಗಿ ತೊಟ್ಟು ಬಂದರು. ಎರಡು ವರ್ಷದಿಂದ ಕಪಾಟಿನಲ್ಲಿದ್ದ ಅಂಗಿ, ಅಮ್ಮ ಯಾವಾಗಲೋ ಇಸ್ತ್ರಿ ಹಾಕಿ ಇಟ್ಟಿದ್ದರು. ಭಾವ ಮಸ್ಕತ್ತಿನಿಂದ ವಿಡಿಯೊ ಕಾಲಿನಲ್ಲಿ ಬಂದರು. ಪರದೆಯ ಮೇಲೆ ಒಂದು ಬಸ್‌ಸ್ಟ್ಯಾಂಡು, ಅದರಲ್ಲಿ ನಮ್ಮ ಬಸ್ಸು. ರಸ್ತೆ ಕನ್ನಡಿಯಂತೆ ಕಾಣುತ್ತಿತ್ತು. ಪ್ರಯಾಣಿಕರು ಹತ್ತಿದರು. ಬಾಗಿಲು ಮುಚ್ಚಿತು. ಎಂಜಿನ್ ಗುರುಗುಡುತ್ತಿತ್ತು. ಅಪ್ಪ ಎರಡೂ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದರು, ಮೊದಲ ಗೇರು ಹಾಕಿದರು.

ಬಸ್ಸು ಹೊರಡಲಿಲ್ಲ.

ಒಂದು ನಿಮಿಷವಾಯಿತು, ಎರಡಾಯಿತು. ನಾನು ಮೇಜಿನಡಿಗೆ ನುಗ್ಗಿ ಪೆಡಲಿನ ವಯರು ಕಿತ್ತು ಮತ್ತೆ ಸಿಕ್ಕಿಸಿದೆ. ಭಾವ ರೀಸ್ಟಾರ್ಟ್ ಮಾಡಲು ಹೇಳಿದರು, ರೆಡಿಮೇಡ್ ತೆಗೊಳ್ಳಿ ಅಂತ ಮೊದಲೇ ಹೇಳಿದ್ದೆನಲ್ಲ ಎಂದೂ ಸೇರಿಸಿದರು. ಅಪ್ಪನನ್ನು ನೋಡಿದೆ. ಕಾಲು ಕ್ಲಚ್ಚಿನ ಮೇಲೆ ಹಾಗೇ ಇತ್ತು, ಕಣ್ಣು ಪರದೆಯಲ್ಲಿದ್ದ ಬಸ್ಸಿನ ಎಡಬದಿಯ ಕನ್ನಡಿಯಲ್ಲಿ ನೆಟ್ಟಿತ್ತು, ಹಣೆಯಲ್ಲಿ ಸಣ್ಣಗೆ ಬೆವರು. ಅವರಿಗೆ ಧೈರ್ಯ ಸಾಲುತ್ತಿಲ್ಲವೇ, ತಲೆ ಸುತ್ತುತ್ತಿದೆಯೇ, ಎಲ್ಲ ಮರೆತೇಹೋಯಿತೇ? ನನಗೆ ಅಳು ಒತ್ತರಿಸಿ ಬಂತು. ಅದಕ್ಕೇ ಗದರಿದೆ.

"ಎಂತ ಅಪ್ಪ, ಹೋಗಿ. ಎಂತಕ್ಕೆ ಕಾಯುವುದು?"

ಅಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದರು. ಪರದೆ ನೋಡಿದರು, ಅಪ್ಪನ ಮುಖ ನೋಡಿದರು, ಆಮೇಲೆ ನನ್ನನ್ನು, ಲೆಕ್ಕ ತಪ್ಪು ಮಾಡಿದವಳನ್ನು ನೋಡುವಂತೆ ನೋಡಿದರು.

"ಇವರಿಗೆ ರೈಟ್ ಹೇಳಿದ್ದು ಯಾರು? ಯಾರೂ ಹೇಳಲಿಲ್ಲ. ಮತ್ತೆ ಹೇಗೆ ಹೋಗುವುದು ಮಾರಾಯ್ತಿ?"

ಮೂವತ್ತು ವರ್ಷದಲ್ಲಿ ಅಪ್ಪ ಒಂದು ಸಲವೂ, ಕಂಡಕ್ಟರು ಬಸ್ಸಿನ ತಗಡಿಗೆ ಎರಡು ಪೆಟ್ಟು ಹಾಕಿ ರೈಟ್ ಎನ್ನದೆ ಬಸ್ಸು ಕದಲಿಸಿದವರಲ್ಲ. ಹಿಂದಿನ ಬಾಗಿಲಲ್ಲಿ ಯಾವ ಮುದುಕಿಯ ಒಂದು ಕಾಲು ಇನ್ನೂ ನೆಲದಲ್ಲಿದೆಯೋ ಡ್ರೈವರನಿಗೆ ಕಾಣುವುದಿಲ್ಲ. ಕೇಳಿದ ಮೇಲೆಯೇ ಹೊರಡಬೇಕು. ಗಾಜಿನ ಕ್ಯಾಬಿನೆಟ್ಟು ಯಾಕೆ ಬೇಡವಾಯಿತೆಂದು ನನಗೆ ಆಗ ತಿಳಿಯಿತು. ಈ ಆಟ ಮಾಡಿದವರು ರಸ್ತೆ ಮಾಡಿದ್ದಾರೆ, ಮಳೆ ಮಾಡಿದ್ದಾರೆ, ಕಂಡಕ್ಟರನನ್ನು ಮಾಡಲು ಮರೆತಿದ್ದಾರೆ. ಅಪ್ಪ ಅದನ್ನು ಬೆಳ್ತಂಗಡಿಯ ಆ ಮಾಳಿಗೆಯಲ್ಲೇ ಗಮನಿಸಿದ್ದರು. ಬಾಯಿಬಿಟ್ಟು ಕೇಳುವುದು ಮಾತ್ರ ಅವರಿಗೆ ಇಲ್ಲಿಯೂ ಆಗಲಿಲ್ಲ.

ಅಮ್ಮ ಒದ್ದೆ ಅಂಗೈಯಿಂದ ಕಂಪ್ಯೂಟರಿನ ತಗಡಿಗೆ ಎರಡು ಪೆಟ್ಟು ಹಾಕಿದರು. ಡಬ್ ಡಬ್. "ರೈಟ್, ಪೋಯಿ," ಎಂದರು, ಹೋಗುವ ಎಂದು, ನಮ್ಮ ತುಳುವಿನಲ್ಲಿ. ಅಪ್ಪನ ಎಡಗಾಲು ಮೇಲೆದ್ದಿತು. ಬಸ್ಸು ಹೊರಟಿತು.

ತಿರುವುಗಳಲ್ಲಿ ಅವರ ಕೈ ನೀರು ಹರಿದಂತೆ ತಿರುಗುತ್ತಿತ್ತು. ಅಮ್ಮ ಒಲೆಯ ಮೇಲೆ ಸಾರು ಉಂಟೆಂದು ಒಳಗೆ ಹೋದರು. ಮುಂದಿನ ಸ್ಟಾಪು ಬಂತು, ಅಪ್ಪ ನಿಲ್ಲಿಸಿದರು, ಜನ ಇಳಿದರು, ಜನ ಹತ್ತಿದರು. ಬಾಗಿಲು ಮುಚ್ಚಿತು. ಅಪ್ಪ ಗೇರು ಹಾಕಿ, ಎಡಗಡೆಯ ಕನ್ನಡಿ ನೋಡುತ್ತಾ ಕಾದರು. ನನ್ನ ಕಡೆ ತಿರುಗಲಿಲ್ಲ.

ನಾನು ಸ್ಕ್ರೂಡ್ರೈವರು ಕೆಳಗಿಟ್ಟು, ಅಂಗೈ ಬಿಡಿಸಿ ತಗಡಿಗೆ ಎರಡು ಸಲ ತಟ್ಟಿದೆ.