ಮೂವತ್ನಾಲ್ಕು ಹೆಸರುಗಳ ಮೇಲಿನ ಸಾಲು

ಬೆಳಗಿನ ಐದೂವರೆ. ಸೈನಿಕ ಕುಟುಂಬಗಳ ನೆರವು ಕಚೇರಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತ ಓಪಲ್ ಟ್ರೆಡ್‌ವೆಲ್ ಅಗಲವಾದ ಕುಂಚವನ್ನು ಕೆನ್ನೆಗೆ ಒಮ್ಮೆ ಸವರಿಕೊಳ್ಳುತ್ತಾರೆ. ಕೆನ್ನೆಯ ಜಿಡ್ಡು ತಗುಲಿದರೆ ಮಾತ್ರ ಚಿನ್ನದ ರೇಕು ಕುಂಚಕ್ಕೆ ಹತ್ತುತ್ತದೆ.

"ಬಾಗಿಲು ಹಾಕಮ್ಮಾ ಮೊದ್ಲು. ಗಾಳಿ ಬಂದ್ರೆ ಚಿನ್ನ ಹಾರ್‍ಕೊಂಡು ನಿನ್ನ ತಲೆ ಮೇಲೆ ಕೂರುತ್ತೆ, ಆಮೇಲೆ ನಿನ್ನನ್ನೇ ಗೋಡೆಗೆ ತಗಲಾಕ್ಬೇಕಾಗುತ್ತೆ," ಎನ್ನುತ್ತಾರೆ ಕೆಲಸ ನೋಡಲು ಬಂದ ನನಗೆ, ತಿರುಗಿ ನೋಡದೆ.

ಓಪಲ್‌ಗೆ ಅರವತ್ತೆರಡು. ವರ್ಜೀನಿಯಾದ ನದಿ ಪಕ್ಕದ ಬ್ಲೆವಿನ್ಸ್ ಫೆರಿ ಎಂಬ ಈ ಊರಿನಲ್ಲಿ ನಲವತ್ತೊಂದು ವರ್ಷದಿಂದ ಬೋರ್ಡು ಬರೆಯುತ್ತಿದ್ದಾರೆ. ಕ್ಷೌರದಂಗಡಿ, ಚರ್ಚು, ಮೀನಿನ ದೋಣಿ, ಸೇನಾ ಠಾಣೆಯ ಬಾಗಿಲುಗಳು, ಎಲ್ಲದರ ಮೇಲೂ ಅವರ ಅಕ್ಷರಗಳಿವೆ. ಎಲ್ಲಿಯೂ ಅವರ ಹೆಸರಿಲ್ಲ. ಅವರ ಬೋರ್ಡಿನಂಗಡಿಗೆ ಸ್ಟಿಕ್ಕರ್ ಕತ್ತರಿಸುವ ಯಂತ್ರ ಬಂದ ಮೇಲೆ ಕುಂಚಕ್ಕೆ ಕೆಲಸ ಕಡಿಮೆ. ಮಂಡಿನೋವು ಹೆಚ್ಚು.

ಈಗ ಮತ್ತೆ ಬಿಡುವಿಲ್ಲ. ಸೆಪ್ಟೆಂಬರಿನಲ್ಲಿ ರಾಜಧಾನಿಯಿಂದ ಆದೇಶ ಬಂದಿದೆ: ರಕ್ಷಣಾ ಇಲಾಖೆಯನ್ನು ಇನ್ನು ಯುದ್ಧ ಇಲಾಖೆ ಎಂದು ಕರೆಯಬೇಕು. ಅಂದಿನಿಂದ ಓಪಲ್ ಮತ್ತು ಜೊತೆಗಾರ ಹ್ಯೂಯಿ ದಿನಕ್ಕೆ ಠಾಣೆಯ ಹದಿನೈದು ಬಾಗಿಲುಗಳ ಹೆಸರು ಬದಲಿಸುತ್ತಿದ್ದಾರೆ. ಹಳೆಯ ಅಕ್ಷರಕ್ಕೆ ಬಿಸಿಗಾಳಿ ಹಿಡಿಯುವುದು, ಸುಲಿಯುವುದು, ಅಂಟು ಒರೆಸುವುದು, ಹೊಸದನ್ನು ಒತ್ತುವುದು. ಇಲ್ಲಿಯವರೆಗೆ ಇನ್ನೂರ ಆರು ಬಾಗಿಲು.

ಹ್ಯೂಯಿ ಹಿಂದೆ ಸೈನಿಕನಾಗಿದ್ದವನು. ಅವನಿಗೆ ಈ ಬದಲಾವಣೆ ಒಪ್ಪಿಗೆ. "ಈಗ್ಲಾದ್ರೂ ನಿಜ ಹೇಳ್ತಿದಾರಲ್ಲ ಓಪಲ್. ರಕ್ಷಣೆ ರಕ್ಷಣೆ ಅಂತ ಹೇಳ್ಕೊಂಡು ನಮ್ಮನ್ನ ಎಲ್ಲೆಲ್ಲಿಗೆ ಕಳಿಸಿದ್ರು? ಡಬ್ಬದೊಳಗೆ ಏನಿದ್ಯೋ ಅದನ್ನೇ ಡಬ್ಬದ ಮೇಲೆ ಬರೆದಿದಾರೆ, ಅಷ್ಟೇ," ಎಂದು ವ್ಯಾನಿನಲ್ಲಿ ಬಿಸ್ಕೆಟ್ಟು ಜಗಿಯುತ್ತಾ ವಾದಿಸುತ್ತಾನೆ.

"ನನ್ನ ಮಗ ಡಬ್ಬದ ಮೇಲಿದ್ದ ಹೆಸರು ಓದ್ಕೊಂಡು ಒಳಗೆ ಹೋದ್ನಲ್ಲೋ," ಎನ್ನುತ್ತಾರೆ ಓಪಲ್. ಹ್ಯೂಯಿ ಬಿಸ್ಕೆಟ್ಟಿನ ಪೊಟ್ಟಣ ಮಡಿಚಿ ಬದಿಗಿಡುತ್ತಾನೆ.

ಓಪಲ್ ಈಗ ನಿಂತಿರುವುದು ಊರಿನ ಗೌರವ ಫಲಕದ ಮುಂದೆ. ಓಕ್ ಮರದ ಹಲಗೆ. ಮೇಲ್ತುದಿಯಲ್ಲಿ ಇಲಾಖೆಯ ಹೆಸರು, ಕೆಳಗೆ ಸತ್ತ ಮೂವತ್ನಾಲ್ಕು ಮಕ್ಕಳ ಹೆಸರು. ಹತ್ತೊಂಬತ್ತು ಹೆಸರುಗಳನ್ನು ಬರೆದವರು ಓಪಲ್. ಅವುಗಳಲ್ಲಿ ಒಂದು ಡೆರಿಕ್ ಟ್ರೆಡ್‌ವೆಲ್, ಅವರ ಒಬ್ಬನೇ ಮಗ. ಇರಾಕಿನಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೊಂದು.

ಈ ಫಲಕಕ್ಕೊಂದು ಪದ್ಧತಿಯಿದೆ. ಹೆಸರಿನ ಕೊನೆಯ ಅಕ್ಷರಕ್ಕೆ ಚಿನ್ನ ಕೂರಿಸುವುದು ಬರೆಯುವವರಲ್ಲ, ಸತ್ತವನ ಮನೆಯವರು. ಹತ್ತಿಯಿಂದ ಮೆಲ್ಲಗೆ ಒತ್ತಬೇಕು. ಯಾರೂ ಹಾಗೆ ಒತ್ತಿದವರಿಲ್ಲ. ಎಲ್ಲರೂ ಹೆಬ್ಬೆರಳಿನಿಂದಲೇ ಒತ್ತಿಬಿಟ್ಟಿದ್ದಾರೆ, ಹಸಿ ಅಂಟಿಗೆ ಚಿನ್ನ ಮುದುರಿ ಬೆರಳಿನ ಗೆರೆ ಮೂಡಿದೆ. ಕಸುಬಿನ ಲೆಕ್ಕದಲ್ಲಿ ಅದು ಕೆಟ್ಟ ಕೆಲಸ. ಓಪಲ್ ಒಂದನ್ನೂ ತಿದ್ದಿಲ್ಲ. ದೀಪ ಪಕ್ಕದಿಂದ ಬಿದ್ದರೆ ಸಾಲುಸಾಲಾಗಿ ಹೆಬ್ಬೆರಳುಗಳು ಕಾಣುತ್ತವೆ. ಒತ್ತಿದವರಲ್ಲಿ ಎಂಟು ಮಂದಿ ಈಗ ಇಲ್ಲ.

ಹೋದ ವಾರ ಕಚೇರಿಯವರು ಹೇಳಿದ್ದು ಇಷ್ಟು: ಹಳೆಯ ಹಲಗೆ ಇಳಿಸಿ ಉಗ್ರಾಣಕ್ಕೆ ಹಾಕುತ್ತೇವೆ, ಹೊಸ ಹೆಸರಿನಡಿ ಎಲ್ಲವನ್ನೂ ಅಚ್ಚು ಹಾಕಿಸಿದ ಲೋಹದ ತಗಡು ಬರುತ್ತದೆ. ಮೇಲಿನ ಸಾಲೊಂದನ್ನೇ ಬದಲಿಸಲು ಆಗುವುದಾದರೆ ಹಲಗೆ ಉಳಿಯಬಹುದು. ಕೆಲಸ ಶುರುವಾದ ಮೇಲೆ ಮೂರು ದಿನ ಟೈಮು.

ಓಪಲ್ ಒಂದು ರಾತ್ರಿ ಯೋಚಿಸಿ ಒಪ್ಪಿಕೊಂಡರು. ಮಗನ ತಲೆಯ ಮೇಲೆ, ಸೇನೆಗೆ ಸೇರುವಾಗ ಅವನು ಸಹಿ ಹಾಕದ ಹೆಸರನ್ನು ತಾನೇ ಬರೆಯುವುದಕ್ಕೆ.

ಸುದ್ದಿ ಚರ್ಚಿಗೆ ತಲುಪಿದ್ದೇ ಲೂಯೆಲ್ಲಾ ಬ್ರಾಡ್‌ನಾಕ್ಸ್ ಅಂಗಡಿಗೆ ಬಂದರು. ಅವರ ಮಗನ ಹೆಸರು ಡೆರಿಕ್‌ನ ಕೆಳಗಿನದು. ಇಬ್ಬರೂ ಹದಿನೆಂಟು ವರ್ಷದಿಂದ ಚರ್ಚಿನಲ್ಲಿ ಒಂದೇ ಸಾಲಿನಲ್ಲಿ ನಿಂತು ಹಾಡುವವರು.

"ಅಷ್ಟು ಇಷ್ಟ ಇದ್ರೆ ನಿನ್ನ ಮನೆ ಬಾಗಿಲ ಮೇಲೆ ಬರ್ಕೊಳೇ ಆ ಮಾತನ್ನ! ನನ್ನ ಹುಡುಗ ಮನೆ ಕಾಯೋಕೆ ಹೋಗ್ತೀನಮ್ಮಾ ಅಂತ ಹೇಳಿ ಹೋದೋನು. ಕೊಲ್ಲೋಕೆ ಹೋಗ್ತೀನಿ ಅಂದಿದ್ರೆ ನಾನು ಬಾಗಿಲಿಗೆ ಅಡ್ಡ ಮಲಗ್ತಿದ್ದೆ."

"ನಾನೂ ಮಲಗ್ತಿದ್ದೆ, ಲೂ."

"ಮತ್ತೆ ಯಾಕೆ ಬರೀತೀಯ?"

"ತಗಡು ಬಂದ್ರೆ ನಿನ್ನ ಹೆಬ್ಬೆಟ್ಟು ಎಲ್ಲಿರುತ್ತೆ ಹೇಳು. ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಹಿಂದೆ."

ಲೂಯೆಲ್ಲಾ ಹೊರಟುಹೋದರು. ಭಾನುವಾರ ಹಾಡುವಾಗ ನಡುವೆ ಇಬ್ಬರ ಜಾಗ ಬಿಟ್ಟು ನಿಂತರಂತೆ. ಅದನ್ನು ಹೇಳುವಾಗ ಓಪಲ್ ಕುಂಚ ತೊಳೆಯುತ್ತಿದ್ದರು. ಆಗಲೇ ಶುಭ್ರವಾಗಿದ್ದ ಕುಂಚವನ್ನು ಮತ್ತೆ ಮತ್ತೆ ತೊಳೆದರು.

ಹಳೆಯ ಸಾಲನ್ನು ಕೆರೆಯಲು ಒಂದು ದಿನ ಪೂರ್ತಿ ಹಿಡಿದಿದೆ. ಉಜ್ಜುವ ಯಂತ್ರ ಹಚ್ಚಿದ್ದರೆ ಹತ್ತು ನಿಮಿಷ. ಆದರೆ ಅದರ ನಡುಕಕ್ಕೆ ಕೆಳಗಿನ ಹಳೆಯ ಚಿನ್ನ ಸಿಪ್ಪೆಯೇಳುತ್ತದೆ. ಹೆಸರುಗಳ ಮೇಲೆ ಒದ್ದೆ ಬಟ್ಟೆ ಇಳಿಬಿಟ್ಟು, ಸಣ್ಣ ಅಲಗಿನಿಂದ ಉಗುರಿನಷ್ಟಗಲ ಕೆರೆದು, ಊದದೆ, ಧೂಳನ್ನು ಅಂಗೈಯಲ್ಲಿ ಹಿಡಿದಿದ್ದಾರೆ. ಅಕ್ಷರ ಹೋದರೂ ಅದರ ಆಕಾರ ಹೋಗುವುದಿಲ್ಲ. ಇಷ್ಟು ವರ್ಷ ಚಿನ್ನದಡಿ ಬೆಳಕು ಕಾಣದ ಮರ ಬಿಳಿಚಿಕೊಂಡಿರುತ್ತದೆ. ಅದರ ಮೇಲೆ ಕಡು ಚಹಾ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ ಸುತ್ತಲಿನ ಬಣ್ಣಕ್ಕೆ ತರಬೇಕು. ಎರಡನೆಯ ದಿನ ಹೋಗಿದ್ದು ಅದಕ್ಕೆ.

"ನಾಲ್ಕು ಸಲ ಹಚ್ಚಿದೆ. ಇನ್ನೂ ಕಾಣುತ್ತೆ ನೋಡು, ಗೊತ್ತಿದ್ದೋರಿಗೆ," ಎನ್ನುತ್ತಾರೆ. ಐದನೆಯ ಸಲ ಹಚ್ಚಿಲ್ಲ. ಯಾಕೆಂದು ಕೇಳಿದರೆ, "ಚಹಾ ಮುಗೀತು."

ಎಂಟು ಗಂಟೆಗೆ ಕೊನೆಯ ಅಕ್ಷರ ಹೊಳೆಯುತ್ತದೆ. ಓಪಲ್ ಇಳಿದು ಒದ್ದೆ ಬಟ್ಟೆ ತೆಗೆಯುತ್ತಾರೆ. ಮೊದಲು ನೋಡುವುದು ಹೊಸ ಸಾಲನ್ನಲ್ಲ. ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು ಒಂದೊಂದೇ ಹೆಸರನ್ನು ಮೇಲಿನಿಂದ ಕೆಳಗೆ ಓದುತ್ತಾ ಬರುತ್ತಾರೆ. ಡೆರಿಕ್‌ನದನ್ನೂ ಉಳಿದವುಗಳಷ್ಟೇ ಹೊತ್ತು ನೋಡುತ್ತಾರೆ.

"ಒಂದು ಗೀರೂ ಬಿದ್ದಿಲ್ಲ. ನನ್ನಂಥ ಮುದುಕಿ ಕೈಗೆ ಇದು ಸಣ್ಣ ವಿಷಯ ಅಲ್ಲ ಕಣಮ್ಮ."

ಕಚೇರಿಯ ಗುಮಾಸ್ತ ಕಾಫಿ ಲೋಟ ಹಿಡಿದು ಬರುತ್ತಾನೆ. ಒಳ್ಳೆಯ ಹುಡುಗ, ಮೂವತ್ತು ದಾಟಿಲ್ಲ. ಹಿಂದಕ್ಕೆ ಸರಿದು ಹಲಗೆಯನ್ನು ನೋಡುತ್ತಾನೆ. "ಅದ್ಭುತ, ಮಿಸ್ ಓಪಲ್. ತಗಡು ಯಾಕೆ ಬೇಕಿತ್ತು ಹೇಳಿ!" ಕಿಸೆಯಿಂದ ಪುಟ್ಟ ಪುಸ್ತಕ ತೆಗೆಯುತ್ತಾನೆ. "ಕಡತಕ್ಕೆ ಒಂದು ವಿವರ ಬೇಕಿತ್ತು. ಇನ್ನೂ ಎಷ್ಟು ಹೆಸರು ಹಿಡಿಸುತ್ತೆ ಇದ್ರಲ್ಲಿ?"

ಕೊನೆಯ ಹೆಸರಿನ ಕೆಳಗೆ ಎರಡು ಗೇಣು ಬರಿಯ ಮರವಿದೆ. ಓಪಲ್ ಅದರ ಮುಂದೆಯೇ ನಿಂತಿದ್ದಾರೆ. ಒದ್ದೆ ಬಟ್ಟೆಯನ್ನು ನಿಧಾನಕ್ಕೆ ಮಡಿಚುತ್ತಾರೆ.

"ಒಂದೂ ಇಲ್ಲಪ್ಪಾ," ಎನ್ನುತ್ತಾರೆ. "ತುಂಬೋಗಿದೆ ಅಂತ ಬರ್ಕೋ."